ಮುಖಕ್ಕೊಂದು ಒಗ್ಗರಣೆ

ಮೊಡವೆ ಏಳುವುದು ನಮ್ಮ ಮುಖದ ಮೇಲೆ. ಅದರ ಖಾತೆ ಮಾತ್ರ ಊರವರ ಹೆಸರಿನಲ್ಲಿರುತ್ತದೆ. ಮಂಡಿನೋವು, ಮೂಲವ್ಯಾಧಿ, ಬ್ಯಾಂಕಿನ ಸಾಲ ಇವನ್ನೆಲ್ಲ ಮುಚ್ಚಿಟ್ಟುಕೊಂಡು ಮರ್ಯಾದೆಯಿಂದ ಓಡಾಡಬಹುದು. ಮೂಗಿನ ತುದಿಯ ಕೆಂಪು ಮೊಡವೆಯೊಂದನ್ನು ಹೊತ್ತುಕೊಂಡು ಧಾರವಾಡದ ಸುಭಾಸ ರೋಡಿನಲ್ಲಿ ನಾಲ್ಕು ಹೆಜ್ಜೆ ಹಾಕಿ ನೋಡಿ. ಕಾಯಿಪಲ್ಲೆ ತೂಗುವವಳು, "ಉಷ್ಣ ಆಗೇತ್ರಿ, ಜೀರಗಿ ನೀರು ಕುಡೀರಿ" ಎನ್ನುತ್ತಾಳೆ. ಕಿರಾಣಿ ಅಂಗಡಿಯವನು ಚಿಲ್ಲರೆ ಕೊಡುವ ಮೊದಲು, "ಹೊಟ್ಟಿ ಸ್ವಚ್ಛ ಇಲ್ಲ ನೋಡ್ರಿ ನಿಮ್ದು" ಎಂದು ಉಳಿದ ಗಿರಾಕಿಗಳ ಸಮ್ಮುಖದಲ್ಲಿ ತೀರ್ಪು ಕೊಡುತ್ತಾನೆ. ಆಟೋದವನು ಕನ್ನಡಿಯಲ್ಲಿ ನೋಡಿ ಮುಗುಳ್ನಗುತ್ತಾನೆ. ಅವನ ರೋಗನಿರ್ಣಯ ಬೇರೆ. ಅದನ್ನು ಇಲ್ಲಿ ಬರೆಯಲಾಗದು.

ನನಗೀಗ ಕಿವಿಯ ಪಕ್ಕದ ಕೂದಲು ಬೆಳ್ಳಗಾಗುತ್ತಿರುವ ವಯಸ್ಸು. ಮೊಡವೆಗೆ ಇದು ಗೊತ್ತಿಲ್ಲ, ಅಥವಾ ಗೊತ್ತಿದ್ದೂ ದಾಕ್ಷಿಣ್ಯವಿಲ್ಲ. ಸುಶ್ರುತಸಂಹಿತೆ ಇದನ್ನು ಮುಖದೂಷಿಕೆ ಎಂದು ಕ್ಷುದ್ರರೋಗಗಳ ಸಾಲಿನಲ್ಲಿ ಕೂರಿಸಿ, ಬೂರುಗದ ಮುಳ್ಳಿನಂಥ ಈ ಗುಳ್ಳೆಗಳು ಯುವಕರ ಮುಖದಲ್ಲಿ ಏಳುತ್ತವೆ ಎನ್ನುತ್ತದೆ. ಯುವಕರ ಮುಖದಲ್ಲಿ! ಇದನ್ನು ಓದಿದ ದಿನ ಹೆಂಡತಿಯ ಎದುರು ಸ್ವಲ್ಪ ಎದೆಯುಬ್ಬಿಸಿಯೇ ಓಡಾಡಿದೆ. "ಕ್ಷುದ್ರ ಅಂತನೂ ಬರದಾರಲ್ಲ, ಅದನ್ನೂ ಓದ್ರಿ" ಎಂದಳು.

ಎಣ್ಣೆಯ ದೀಕ್ಷೆ ಕೊಟ್ಟವಳು ಅಣ್ಣನ ಮಗಳು. ಕಾಲೇಜಿಗೆಂದು ನಮ್ಮ ಮನೆಯಲ್ಲಿರುವ ಅವಳಿಗೂ ಮೊಡವೆ. ಹೀಗಾಗಿ ಬಚ್ಚಲಮನೆಯ ಕನ್ನಡಿಯ ಮುಂದೆ ನಮ್ಮಿಬ್ಬರದೊಂದು ಪಕ್ಷ. ಒಂದು ದಿನ 30 ಮಿ.ಲೀ.ನ ಬಾಟಲಿಯೊಂದನ್ನು ತಂದು, "ಕಾಕಾ, ಮೊಡವಿಗೆ ಎಣ್ಣಿ ಹಚ್ಚಬೇಕಂತ" ಎಂದಳು. ಮಧ್ಯಾಹ್ನದ ಹೊತ್ತಿಗೆ ನನ್ನ ಹಣೆಯ ಮೇಲೆ ಒಂದು ಹಪ್ಪಳ ಕರಿಯುವಷ್ಟು ಜಿಡ್ಡು ಕೂಡಿರುತ್ತದೆ. ಅದರ ಮೇಲೆ ಇನ್ನಷ್ಟು ಎಣ್ಣೆಯೇ? ಆದರೆ ಹುಡುಗಿ ವಿಜ್ಞಾನದ ವಿದ್ಯಾರ್ಥಿನಿ, ಬರಿಗೈಯಲ್ಲಿ ಬಂದಿರಲಿಲ್ಲ. ರೋಮದ ಬುಡದ ಗ್ರಂಥಿಗಳು ಜಿಡ್ಡು ಸುರಿಸುತ್ತವೆ. ಅದು ಸತ್ತ ಜೀವಕೋಶಗಳೊಡನೆ ಸೇರಿ ರಂಧ್ರವನ್ನು ಮುಚ್ಚುತ್ತದೆ. ಒಳಗೆ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಸಂಸಾರ ಹೂಡುತ್ತದೆ. ಇಷ್ಟು ನನಗೂ ಗೊತ್ತಿತ್ತು. ಮೊಡವೆಯವರ ಜಿಡ್ಡಿನಲ್ಲಿ ಲಿನೋಲೆಯಿಕ್ ಆಮ್ಲ ಕಡಿಮೆ ಇರುತ್ತದೆ, ಅಮೆರಿಕದ ಡೌನಿಂಗ್ ಮತ್ತು ಸಂಗಡಿಗರು 1986ರಲ್ಲೇ ಈ ಬಗ್ಗೆ ಬರೆದಿದ್ದಾರೆ ಎಂಬುದು ಹೊಸ ಸುದ್ದಿ. ಅಂದರೆ ತಪ್ಪು ಎಣ್ಣೆಯ ಪ್ರಮಾಣದ್ದಷ್ಟೇ ಅಲ್ಲ, ಗುಣಮಟ್ಟದ್ದೂ ಹೌದು. ನನ್ನ ಮುಖ ಕಳಪೆ ಮಾಲು ಉತ್ಪಾದಿಸುತ್ತಿದೆ. ಹೊರಗಿನಿಂದ ಒಳ್ಳೆಯ ಮಾಲು ತರಿಸಿ ಸರಿಪಡಿಸಬೇಕು. ಸರಕಾರಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಹೇಳುವ ನನಗೆ ಈ ವಾದ ಬಹಳ ಹಿಡಿಸಿತು.

ಮುಂದೆ ಕೆಲಕಾಲ ನಾನು ಜಗತ್ತಿನ ಎಣ್ಣೆಗಳ ಅಧ್ಯಯನದಲ್ಲಿ ಮುಳುಗಿದೆ. ಹೊಹೊಬಾ ಎಂಬುದೊಂದಿದೆ. ನಿಜ ಹೇಳಬೇಕೆಂದರೆ ಅದು ಎಣ್ಣೆಯಲ್ಲ, ದ್ರವರೂಪದ ಮೇಣ. ನಮ್ಮ ಚರ್ಮದ ಜಿಡ್ಡಿನಲ್ಲಿರುವ ಮೇಣದ ಹತ್ತಿರದ ಸಂಬಂಧಿ. 1970ರ ದಶಕದ ಆರಂಭದಲ್ಲಿ ಅಮೆರಿಕ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ನಿಷೇಧಿಸಿದಾಗ, ಮರುಭೂಮಿಯ ಈ ಗಿಡಕ್ಕೆ ಬೇಡಿಕೆ ಬಂತು. ತಿಮಿಂಗಿಲ ಉಳಿಯಿತು, ಹೊಹೊಬಾ ಬೆಳೆಯಿತು, ಬಿಲ್ಲು ಧಾರವಾಡಕ್ಕೆ ಬಂತು. ಇನ್ನೊಂದು ಮೊರಾಕ್ಕೊದ ಅರ್ಗಾನ್. ಅದರ ಹಣ್ಣಿಗಾಗಿ ಅಲ್ಲಿನ ಆಡುಗಳು ಮರವನ್ನೇ ಹತ್ತುತ್ತವೆ. ನಮ್ಮ ಕುಂಕುಮಾದಿ ತೈಲಕ್ಕೂ ಎಳ್ಳೆಣ್ಣೆ, ಕೇಸರಿಯ ಜೊತೆ ಆಡಿನ ಹಾಲು ಬೇಕು. ಮನುಷ್ಯನ ಮುಖಕಾಂತಿಗಾಗಿ ಆಡುಗಳು ಎರಡು ಖಂಡಗಳಲ್ಲಿ ದುಡಿಯುತ್ತಿವೆ. ತಮ್ಮ ಮುಖದ ಬಗ್ಗೆ ಮಾತ್ರ ಅವಕ್ಕೆ ಯಾವ ಚಿಂತೆಯೂ ಇಲ್ಲ.

ಯಾವ ಎಣ್ಣೆ ರಂಧ್ರ ಮುಚ್ಚಿಸುತ್ತದೆ ಎಂಬುದಕ್ಕೆ 0ಯಿಂದ 5ರವರೆಗೆ ಅಂಕಪಟ್ಟಿಯೂ ಉಂಟು. ಮಾರುವವರು ತೋರಿಸುವ ಪಟ್ಟಿಗಳಲ್ಲಿ ತೆಂಗಿನೆಣ್ಣೆಗೆ 4. ಈ ಅಂಕಗಳ ಮೂಲ ಹುಡುಕುತ್ತ ಹೋದರೆ ಸಿಗುವುದು ಮೊಲದ ಕಿವಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಜೊತೆಗಾರರು 1970ರ ಆಸುಪಾಸಿನಲ್ಲಿ ಪ್ರಸಾಧನಗಳನ್ನು ಮೊಲದ ಕಿವಿಯ ಒಳಬದಿಗೆ ದಿನವೂ ಬಳಿದು, ರಂಧ್ರ ಮುಚ್ಚುತ್ತದೆಯೇ ಎಂದು ನೋಡಿದರು. ಮೊಲದ ಕಿವಿ ನಮ್ಮ ಕೆನ್ನೆಗಿಂತ ಬಹಳ ಸೂಕ್ಷ್ಮ ಎಂದು ಆಮೇಲೆ ತಿಳಿಯಿತು. ಹೀಗಾಗಿ ಆ ಪಟ್ಟಿಯನ್ನು ಕಣ್ಣುಮುಚ್ಚಿ ನಂಬುವ ಹಕ್ಕು ನಿಜವಾಗಿ ಇರುವುದು ಮೊಲಗಳಿಗೆ.

ಆ ಪಟ್ಟಿಯಲ್ಲಿ ಸೊನ್ನೆ ಪಡೆದು ಮೊದಲ ಸ್ಥಾನದಲ್ಲಿ ಕುಳಿತ ಎಣ್ಣೆಯೇ ನಮ್ಮ ಹುಡುಗಿಯ ಬಾಟಲಿಯಲ್ಲಿತ್ತು. ನೂರಕ್ಕೆ 70ರ ಆಸುಪಾಸು ಲಿನೋಲೆಯಿಕ್ ಆಮ್ಲ. ಚೀಟಿಯ ಮೇಲೆ ಹಳದಿ ಹೂವಿನ ಚಿತ್ರ, ಅದರ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ಕಾರ್ಥಮಸ್ ಟಿಂಕ್ಟೋರಿಯಸ್. ಚಾಳೀಸು ಹಾಕಿಕೊಂಡು ಹೂವನ್ನು ದಿಟ್ಟಿಸಿದೆ. ಇದನ್ನು ನಾನು ಬಲ್ಲೆ. ಇದರ ಮುಳ್ಳಿನಿಂದ ನನ್ನ ಬಾಲ್ಯದ ಚಡ್ಡಿ ಹರಿದಿದೆ. ಬಿಳಿಜೋಳದ ಹೊಲಕ್ಕೆ ದನ ನುಗ್ಗದಿರಲೆಂದು ಅಂಚಿಗೆ ಬಿತ್ತುವ, ಕೊಯ್ಯುವಾಗ ಕೈಗೆ ಬಟ್ಟೆ ಸುತ್ತಿಕೊಳ್ಳಬೇಕಾದ, ಅವ್ವ ಹಾಲು ತೆಗೆದು ಹುಗ್ಗಿ ಮಾಡುವ, ಮನೆಯ ಒಗ್ಗರಣೆಗೆಲ್ಲ ಆಧಾರವಾದ ನಮ್ಮ ಕುಸುಬಿ! ಆ ಬಾಟಲಿಯ ಬೆಲೆಗೆ ಗಾಣದವನು ಒಂದು ಲೀಟರಿಗಿಂತ ಹೆಚ್ಚೇ ಅಳೆದು ಕೊಡುತ್ತಾನೆ. ಬಾಟಲಿ ಖಾಲಿಯಾದ ದಿನ ಅದರ ಹನಿ ಹಾಕುವ ಪಿಲ್ಲರನ್ನು ತೊಳೆದು ಒಣಗಿಸಿ ಜೇಬಿಗೆ ಹಾಕಿಕೊಂಡೆ.

ಇಲ್ಲಿ ಅಡುಗೆಮನೆಯ ಭೂಗೋಳ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಕುಸುಬಿ ಎಣ್ಣೆಗೆ ಎರಡು ನಿವಾಸ: ಕಟ್ಟೆಯ ಕೆಳಗೆ ದೊಡ್ಡ ಕ್ಯಾನು, ಒಲೆಯ ಪಕ್ಕ ಸಣ್ಣ ಸ್ಟೀಲಿನ ಗಿಂಡಿ. ಅಂದು ಸಂಜೆ ಮಳೆ ಬಂದಿತ್ತು. ಮಳೆ ಬಂದರೆ ಧಾರವಾಡದಲ್ಲಿ ಮಿರ್ಚಿ ಕರಿಯುತ್ತಾರೆ ಎಂಬುದನ್ನು ಓದುಗರಿಗೆ ಹೇಳಬೇಕಿಲ್ಲ. ಕರಿದ ಮೇಲೆ ಉಳಿದ ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಾತ್ರ ಗಂಡಸರಿಗೆ ಹೇಳಬೇಕು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಬೆಕ್ಕಿನ ಹೆಜ್ಜೆಯಲ್ಲಿ ಅಡುಗೆಮನೆಗೆ ಹೋದೆ. ಪಡಸಾಲೆಯಲ್ಲಿ ಅವ್ವ ಮಲಗಿದ್ದರಿಂದ ದೀಪ ಹಾಕಲಿಲ್ಲ. ಗಿಂಡಿಗೆ ಪಿಲ್ಲರು ಅದ್ದಿದೆ. ಶಾಸ್ತ್ರದ ಪ್ರಕಾರ ಮೂರೇ ಹನಿ. ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳಬೇಕು. ತಿಕ್ಕಬಾರದು, ಮೆಲ್ಲಗೆ ಒತ್ತಬೇಕು. ಹಣೆಗೆ ಒತ್ತಿದೆ, ಕೆನ್ನೆಗೆ ಒತ್ತಿದೆ, ಗದ್ದಕ್ಕೆ ಒತ್ತಿದೆ. ಅಜವಾನದ ಪರಿಮಳ ಬಂತು. ಆಹಾ, ಮರದ ಗಾಣದ ಎಣ್ಣೆಯ ಸಹಜ ಗಂಧ ಎಂದುಕೊಂಡೆ. ಮೂಗಿನ ಪಕ್ಕ ಏನೋ ತರಿತರಿಯಾಗಿ ಹತ್ತಿತು. ಸೋಸದ ಎಣ್ಣೆಯಲ್ಲಿ ಗಷ್ಟು ಇರಲೇಬೇಕು, ಸತ್ವವೆಲ್ಲ ಅದರಲ್ಲೇ ಎಂದು ಅದನ್ನೂ ಮೆಲ್ಲಗೆ ಒತ್ತಿದೆ. ಅದು ಕರಿದ ಕಡಲೆಹಿಟ್ಟಿನ ಕಾಳು ಎಂಬುದು ಬೆಳಕಿನಲ್ಲಿ ಮಾತ್ರ ತಿಳಿಯುವ ಸಂಗತಿ. ಆಮೇಲೆ ಕೆನ್ನೆ ಬೆಚ್ಚಗಾಯಿತು. ನನಗೆ ಖುಷಿ: ಲಿನೋಲೆಯಿಕ್ ಆಮ್ಲ ಒಳಗಿಳಿಯುತ್ತಿದೆ! ಬೆಚ್ಚಗಿದ್ದದ್ದು ಬಿಸಿಯಾಯಿತು. ಇನ್ನೂ ಖುಷಿ: ಬ್ಯಾಕ್ಟೀರಿಯಾಗಳ ಸಂಸಾರ ಎಬ್ಬಿಸಿ ಓಡಿಸುತ್ತಿದೆ! ಬಿಸಿ ಉರಿಯಾಯಿತು. ಪರವಾಗಿಲ್ಲ, ಕೆಡುಕು ಹೊರಬೀಳುವಾಗ ಉರಿಯುವುದು ಧರ್ಮ. ಅಷ್ಟರಲ್ಲಿ ಸುಖದಿಂದ ಕಣ್ಣುಜ್ಜಿಕೊಂಡೆ.

ಆಗ ಬಾಯಿಂದ ಹೊರಟ ಸ್ವರವನ್ನು ಧಾರವಾಡದಂಥ ಸಂಗೀತದ ಊರಿನಲ್ಲಿ ವರ್ಣಿಸದಿರುವುದೇ ಲೇಸು. ನಲ್ಲಿ ತಿರುಗಿಸಿ ಮುಖಕ್ಕೆ ನೀರೆರಚಿದೆ. ಮೆಣಸಿನಕಾಯಿಯ ಖಾರ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ನೀರು ಆ ಖಾರವನ್ನು ಇನ್ನೂ ಮುಟ್ಟದ ಕತ್ತಿನವರೆಗೆ ಪ್ರಾಮಾಣಿಕವಾಗಿ ತಲುಪಿಸಿತು. ದೀಪ ಬಂತು. ಬಾಗಿಲಲ್ಲಿ ಹೆಂಡತಿ ಗಾಳಿಯನ್ನು ಮೂಸುತ್ತ ನಿಂತಿದ್ದಳು. "ಏನ್ರೀ, ಈ ಹೊತ್ತಿನಾಗ ಮಿರ್ಚಿ ಯಾರು ಕರಿಯಾಕತ್ತಾರ?" ಎಂದವಳು ನನ್ನತ್ತ ನೋಡಿದಳು, ಗಿಂಡಿಯತ್ತ ನೋಡಿದಳು, ಪಿಲ್ಲರಿನತ್ತ ನೋಡಿದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ಮಾತಿಲ್ಲದೆ ನಿಂತದ್ದು ಅದೇ ಮೊದಲು. ಆಮೇಲೆ, "ನೀರು ಬಿಡ್ರಿ, ಮೊಸರು ತರ್ತೀನಿ" ಎಂದು ಗಡಿಗೆ ತಂದು ಹಣೆಯಿಂದ ಗದ್ದದವರೆಗೆ ಕೈತುಂಬ ಮೆತ್ತಿದಳು. ಗದ್ದಲಕ್ಕೆ ಎದ್ದು ಬಂದ ಅವ್ವ ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, "ಖಾರ ಐತಿ, ಎಣ್ಣಿ ಐತಿ, ಮೊಸರು ಐತಿ. ಸಾಸಿವಿ ಕರಿಬೇವು ಎರಡ ಕಡಿಮಿ ನೋಡು" ಎಂದು ಹೇಳಿ ಮತ್ತೆ ಹೋಗಿ ಮಲಗಿದಳು. ಕೊನೆಗೆ ಬಂದವಳು ನನ್ನ ಗುರು. ಕಣ್ಣುಜ್ಜಿಕೊಂಡು, ಅತ್ಯಂತ ಗಂಭೀರವಾಗಿ ಕೇಳಿದಳು: "ಕಾಕಾ, ಮೊದಲ ಕಿವಿ ಹಿಂದ ಪ್ಯಾಚ್ ಟೆಸ್ಟ್ ಮಾಡಿದ್ರಿ?"

ಮರುದಿನ ಬೆಳಿಗ್ಗೆ ಒಂದು ಹೊಸ ಮೊಡವೆಯೂ ಕಾಣಲಿಲ್ಲ ಎಂಬುದನ್ನು ದಾಖಲೆಗಾಗಿ ಹೇಳುತ್ತೇನೆ. ಮುಖವಿಡೀ ಕೆಂಪಾಗಿದ್ದರಿಂದ ಇದ್ದರೂ ಕಾಣುವಂತಿರಲಿಲ್ಲ ಎಂಬುದು ಹೆಂಡತಿಯ ತಕರಾರು.

ನಾನೂ ಹುಡುಗಿಯೂ ಚರ್ಮದ ಡಾಕ್ಟರರ ಬಳಿಗೆ ಹೋದೆವು. ನನ್ನ ಕೆಲಸ ಬೇಗ ಮುಗಿಯಿತು. ಹಣೆಯಂಚಿನ ಗುಳ್ಳೆಗಳನ್ನು ನೋಡಿ, "ತಲೆಗೆ ದಿನಾ ಕೊಬ್ಬರಿ ಎಣ್ಣೆ ಹಚ್ಚುತ್ತೀರಾ?" ಎಂದರು. ತಲೆಯ ಜಿಡ್ಡು ಹಣೆಗಿಳಿದು ಏಳಿಸುವ ಇಂಥ ಮೊಡವೆಯ ಬಗ್ಗೆ ಕ್ಲಿಗ್‌ಮನ್ ತಂಡ 1970ರಲ್ಲೇ ಬರೆದಿತ್ತಂತೆ. ಕುಸುಬಿಯ ವಿಷಯಕ್ಕೆ, ಲಿನೋಲೆಯಿಕ್ ಆಮ್ಲ ಕಡಿಮೆಯಿರುವುದು ನಿಜ. ಮೇಲಿನಿಂದ ಎಣ್ಣೆ ಹಚ್ಚಿದರೆ ಆ ಕೊರತೆ ತುಂಬಿ ಮೊಡವೆ ಹೋಗುತ್ತದೆ ಎನ್ನಲು ಪುರಾವೆ ಸಾಲದು ಎಂದರು. ರಾತ್ರಿಗೆ ಅಡಾಪಲೀನ್, ಜೊತೆಗೆ ಬೆಂಜಾಯಿಲ್ ಪೆರಾಕ್ಸೈಡ್, ಎರಡು ಮೂರು ತಿಂಗಳ ತಾಳ್ಮೆ. ಅಷ್ಟೇ.

ಅವಳ ಕೆಲಸ ಬೇಗ ಮುಗಿಯಲಿಲ್ಲ. ಕೆನ್ನೆಯ ತೆಳುವಾದ ಚರ್ಮ, ಅದರಡಿಯ ಕೆಂಪು ಗೆರೆಗಳನ್ನು ನೋಡಿ ಡಾಕ್ಟರು, "ಎಷ್ಟು ದಿನದಿಂದ ಆ ಕ್ರೀಮ್ ಹಚ್ಚುತ್ತಿದ್ದೀ?" ಎಂದು ಕೇಳಿದರು. ಹುಡುಗಿ ತಲೆ ತಗ್ಗಿಸಿದಳು. ಹಿಂದಿನ ವರ್ಷ ಯಾರದೋ ಕುಬುಸದ ಕಾರ್ಯಕ್ರಮದಲ್ಲಿ ಹತ್ತಿರದ ಸಂಬಂಧಿಯೊಬ್ಬರು ಅವಳನ್ನು ಮೂಲೆಗೆ ಕರೆದು, "ಹಿಂಗ ಮಾರಿ ಇಟ್ಕೊಂಡ್ರ ಯಾರು ನೋಡಾಕ ಬರ್ತಾರವಾ?" ಎಂದು ಟ್ಯೂಬೊಂದನ್ನು ಕೈಯಲ್ಲಿಟ್ಟಿದ್ದರಂತೆ. ಒಳಗಿದ್ದದ್ದು ಸ್ಟೀರಾಯ್ಡ್. ಮೊದಮೊದಲು ಮುಖ ನುಣುಪಾಗಿ ಬೆಳ್ಳಗಾಗುತ್ತದೆ. ಆಮೇಲೆ ಚರ್ಮ ತೆಳುವಾಗಿ, ಮೊಡವೆ ದುಪ್ಪಟ್ಟಾಗಿ, ಬಿಟ್ಟರೆ ಉರಿ, ಹಚ್ಚಿದರೆ ಹಾಳು. ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿ ಇಂಥ 14 ಸ್ಟೀರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಕುಬುಸದ ಕಾರ್ಯಕ್ರಮಗಳಿಗೆ ಆ ಶೆಡ್ಯೂಲ್ ಅನ್ವಯಿಸುವುದಿಲ್ಲ. ಅವಳು ಎಣ್ಣೆಯ ಬಾಟಲಿ ಹುಡುಕಿಕೊಂಡು ಹೋದದ್ದು ಈ ಉರಿಯನ್ನು ಯಾರಿಗೂ ಹೇಳದೆ ತಣಿಸಿಕೊಳ್ಳಲು. ನಾನು ಅದನ್ನು ಸಂಜೆಯ ಮೋಜು ಎಂದುಕೊಂಡು ಹಿಂದೆ ಬಿದ್ದಿದ್ದೆ. ಒಂದೇ ಕನ್ನಡಿ, ಒಂದೇ ರೋಗ. ಆದರೆ ನನ್ನ ಮೊಡವೆಗೆ ಆಟೋದವನು ನಗುತ್ತಾನೆ, ಅವಳದಕ್ಕೆ ಬಳಗವೇ ನಿಟ್ಟುಸಿರಿಡುತ್ತದೆ. ಕಾಯಿಪಲ್ಲೆಯವಳ ಜೀರಗಿ ನೀರನ್ನು ನಾನು ಕ್ಷಮಿಸಬಲ್ಲೆ. ಆ ಟ್ಯೂಬನ್ನು ಕ್ಷಮಿಸಲಾರೆ.

ಆದರೆ ಕಲಿತ ವಿದ್ಯೆ ವ್ಯರ್ಥವಾಗುವುದಿಲ್ಲ. ಈಗ ಮದುವೆ ಮುಂಜಿವೆಗಳಿಗೆ ಅವಳು ನನ್ನನ್ನು ಬಿಟ್ಟು ಹೋಗುವುದಿಲ್ಲ. ಯಾರಾದರೂ ಹತ್ತಿರ ಬಂದು, ಗದ್ದ ಹಿಡಿದು, "ಅಲ್ಲವಾ, ಮಾರಿಗೆ ಏನು ಹಚ್ತಿ?" ಎಂದರೆ ಸಾಕು, ನಾನು ನಡುವೆ ಬಂದು ನಿಲ್ಲುತ್ತೇನೆ. "ಒಳ್ಳೆ ಪ್ರಶ್ನಿ ಕೇಳಿದ್ರಿ. ಕುಂದರ್ರಿ" ಎಂದು ಕುರ್ಚಿ ಎಳೆದು ಮೊಲದ ಕಿವಿಯಿಂದ ಶುರು ಮಾಡುತ್ತೇನೆ. ತಿಮಿಂಗಿಲಕ್ಕೆ ಬರುವಷ್ಟರಲ್ಲಿ ಅವರ ಕಣ್ಣು ಊಟದ ಪಂಕ್ತಿಯ ಕಡೆ ಹೊರಳುತ್ತದೆ. ಮೊರಾಕ್ಕೊದ ಆಡು ಮರ ಹತ್ತುವವರೆಗೆ ಕುಳಿತವರು ಈವರೆಗೆ ಯಾರೂ ಇಲ್ಲ. ಮೊನ್ನೆ ಹುಬ್ಬಳ್ಳಿಯ ಮದುವೆಯಲ್ಲಿ ನಾನು ಎರಡನೆಯ ಹೋಳಿಗೆಗೆ ಕೈ ಹಾಕಿದ್ದೆನಷ್ಟೆ, ಹುಡುಗಿ ಓಡಿಬಂದು ತೋಳು ಹಿಡಿದಳು: "ಕಾಕಾ, ಲಗೂ ಏಳ್ರಿ! ಟ್ಯೂಬ್ ಕೊಟ್ಟವರು ಬಂದಾರ. ಇವತ್ತ ಮಿರ್ಚಿತನಕ ಹೇಳ್ರಿ."