ಕೋವಿ ಕಾಯುವ ಮನೆ

ದೇವನಹಳ್ಳಿಯಿಂದ ವಿಜಯಪುರದ ಕಡೆಗೆ ಹೊರಡಿ, ಹೊಸಕೋಟೆಯಿಂದ ಸೂಲಿಬೆಲೆಯ ಕಡೆಗೆ ಹೊರಡಿ, ದೊಡ್ಡಬಳ್ಳಾಪುರ ದಾಟಿ ಘಾಟಿಯ ಕಡೆಗೇ ಹೊರಡಿ, ಹೋಬಳಿಗೊಬ್ಬರಾದರೂ ಈ ಯಜಮಾನರು ಸಿಕ್ಕೇ ಸಿಗುತ್ತಾರೆ. ವಯಸ್ಸು ಅರವತ್ತರ ಆಚೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ. ತಾತನ ಕಾಲದ ಜಮೀನಿನಲ್ಲಿ ಒಂದು ಪಾಲು ರಸ್ತೆಗೆ, ಇನ್ನೊಂದು ಪಾಲು ಲೇಔಟಿಗೆ ಹೋಗಿ, ಉಳಿದದ್ದರಲ್ಲಿ ದ್ರಾಕ್ಷಿ ಚಪ್ಪರ, ನಾಲ್ಕು ಹಸು, ಒಂದು ತೋಟದ ಮನೆ. ಊರಿನಲ್ಲಿ ಇವರ ಹೆಸರಿನವರು ಇನ್ನೂ ಮೂವರಿರುವುದರಿಂದ ಗುರುತಿಗೆ ‘ಗನ್ ಲೈಸೆನ್ಸ್ ಇರೋರು’ ಅನ್ನುತ್ತಾರೆ. ಹಾಗೆ ಅನ್ನಿಸಿಕೊಳ್ಳುವುದು ಅವರಿಗೂ ಹಿತವೇ. ಆ ಡಬಲ್ ಬ್ಯಾರಲ್ ಕೋವಿಗೆ ಕೊಟ್ಟ ದುಡ್ಡಿನಲ್ಲಿ ಮುಕ್ಕಾಲು ಪಾಲು ಈ ಬಿರುದಿಗೇ ಸಂದದ್ದು. ಯಾಕೆ ಬೇಕಿತ್ತು ಯಜಮಾನರೇ ಎಂದು ಕೇಳಿದರೆ ಉತ್ತರ ತಯಾರಿದೆ: “ಮನೆ ಅಂದ್ಮೇಲೆ ಒಂದು ಸೇಫ್ಟಿ ಬ್ಯಾಡ್ವೇ?” ಸೇಫ್ಟಿ ಬೇಕು, ತಕರಾರಿಲ್ಲ. ಆದರೆ ಸಿಕ್ಕ ಸಾಕ್ಷ್ಯವನ್ನೆಲ್ಲ ಜೋಡಿಸಿ ನೋಡಿದರೆ, ಆ ಮನೆಯಲ್ಲಿ ಹಗಲೂ ರಾತ್ರಿ ಬಿಡದೆ ಕಾವಲು ಪಡೆಯುತ್ತಿರುವ ವಸ್ತು ಒಂದೇ ಒಂದು, ಅದು ಆ ಕೋವಿ.

ಮೊದಲ ಸಾಕ್ಷಿ ಕಾನೂನಿನದೇ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು ಅದರ ಕೆಳಗೆ 2016ರಲ್ಲಿ ಬಂದ ನಿಯಮಗಳ ಪ್ರಕಾರ ಅರ್ಜಿದಾರರು ತಾವು ಎಲ್ಲಿ ಕೋವಿ ಇಡುತ್ತೇವೆ, ಹೇಗೆ ಇಡುತ್ತೇವೆ ಎಂಬುದಕ್ಕೆ ನಿಗದಿತ ನಮೂನೆಯಲ್ಲಿ ಮುಚ್ಚಳಿಕೆ ಬರೆದುಕೊಡಬೇಕು. ತಲೆ ನೆಟ್ಟಗಿದೆ, ಮೈ ನೆಟ್ಟಗಿದೆ ಎಂದು ವೈದ್ಯರ ಪ್ರಮಾಣಪತ್ರ ತರಬೇಕು. ಬೀರಸಂದ್ರದ ಜಿಲ್ಲಾಡಳಿತ ಭವನಕ್ಕೆ ಎಡತಾಕಿ ಎಡತಾಕಿ ಪಡೆದ ಪರವಾನಗಿಯ ಕೋವಿ ಹೀಗಾಗಿ ನೇರವಾಗಿ ಮನೆಯ ಬೀರುವಿಗೆ ಬಂದು ಮಲಗುತ್ತದೆ. ಮಕ್ಕಳ ಕೈಗೆ ಸಿಗಬಾರದು, ಕಳ್ಳರ ಕೈಗೆ ಸಿಗಬಾರದು ಎನ್ನುವುದು ಮುಚ್ಚಳಿಕೆಯ ತಿರುಳು. ಯಜಮಾನರ ಕೈಗೆ ಸಿಗಬಾರದು ಎಂದು ಅದರಲ್ಲಿ ಎಲ್ಲೂ ಇಲ್ಲ. ಆ ತಿದ್ದುಪಡಿಯನ್ನು ಯಜಮಾನತಿಯವರು ಮನೆಯ ಮಟ್ಟದಲ್ಲಿ ಜಾರಿಗೆ ತಂದಿದ್ದಾರೆ. ಬೀರುವಿನ ಕೀಲಿ ಅವರ ಸೊಂಟದಲ್ಲಿ. ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ. ತೋಟಾಗಳಿರುವ ಡಬ್ಬ ಅಟ್ಟದ ಮೇಲೆ, ಗೌರಿಹಬ್ಬದ ಮೊರಗಳ ಹಿಂದೆ.

ಇದರ ಪರಿಣಾಮವನ್ನು ಲೆಕ್ಕ ಹಾಕಿ. ರಾತ್ರಿ ಎರಡು ಗಂಟೆಗೆ ಹಿತ್ತಲ ಬಾಗಿಲಲ್ಲಿ ಸದ್ದಾಯಿತು ಅನ್ನಿ. ಯಜಮಾನರು ಏಳಬೇಕು, ಕನ್ನಡಕ ಹುಡುಕಬೇಕು. ಯಜಮಾನತಿಯನ್ನು ಎಬ್ಬಿಸಬೇಕು. “ಏನ್ರೀ ಈಗ?” ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಕೀಲಿ ಪಡೆಯಬೇಕು. ಬೀರು ತೆಗೆದರೆ ಮುಂದೆ ಮಗಳ ಮದುವೆಯ ರೇಷ್ಮೆ ಸೀರೆಗಳು, ಅದರ ಹಿಂದೆ ಪಹಣಿ, ಮ್ಯುಟೇಶನ್ ಕಾಗದಗಳ ಕಟ್ಟು, ಅದರ ಹಿಂದೆ ಕೋವಿ. ಕೋವಿ ಸಿಕ್ಕಮೇಲೆ ಏಣಿ ತರಬೇಕು, ಮಂಡಿನೋವಿನಲ್ಲೇ ಅಟ್ಟ ಹತ್ತಬೇಕು. ಇಷ್ಟಾಗುವ ಹೊತ್ತಿಗೆ ಕಳ್ಳನೇ ಬೇಸತ್ತು “ಬೇಗ ಆಗಲಿ ಸಾರ್” ಅನ್ನದಿದ್ದರೆ ಅವನ ಸಂಸ್ಕಾರ ದೊಡ್ಡದು. ನಗುವ ಮಾತಲ್ಲ ಇದು, ಅಥವಾ ನಗುವುದಾದರೂ ಒಳಗಿನ ಇಕ್ಕಟ್ಟು ನಿಜವಾದದ್ದು. ಕೋವಿ ಕೈಗೆಟುಕುವಂತಿದ್ದರೆ ಮೊಮ್ಮಕ್ಕಳಿಗೆ ಅಪಾಯ. ಮೊಮ್ಮಕ್ಕಳಿಗೆ ಅಪಾಯವಿಲ್ಲದಂತಿಟ್ಟರೆ ಕಳ್ಳನಿಗೂ ಅಪಾಯವಿಲ್ಲ. ಈ ಎರಡರಲ್ಲಿ ನಮ್ಮ ಕಡೆಯ ಹೆಂಗಸರು ಮೊಮ್ಮಕ್ಕಳನ್ನು ಆರಿಸಿಕೊಂಡಿದ್ದಾರೆ. ಇಡೀ ಪ್ರಸಂಗದಲ್ಲಿ ಸರಿಯಾಗಿ ಯೋಚಿಸಿದವರು ಅವರಷ್ಟೇ.

ಎರಡನೆಯ ಸಾಕ್ಷಿ ಚುನಾವಣೆ. ನೀತಿಸಂಹಿತೆ ಬಂತೆಂದರೆ ಪರವಾನಗಿ ಇರುವ ಆಯುಧಗಳನ್ನು ಠಾಣೆಗೆ ಒಪ್ಪಿಸಿ ಎಂಬ ಆದೇಶವೂ ಸಾಮಾನ್ಯವಾಗಿ ಅದರ ಬೆನ್ನಿಗೇ ಬರುತ್ತದೆ. ಪರಿಶೀಲನಾ ಸಮಿತಿಯವರು ವಿನಾಯಿತಿ ಕೊಟ್ಟರೆ ಮಾತು ಬೇರೆ. ಹೊಸಕೋಟೆಯ ಯಜಮಾನರ ಗ್ರಹಚಾರ ನೋಡಿ: 2018ರ ಮೇ ತಿಂಗಳಲ್ಲಿ ವಿಧಾನಸಭೆ, 2019ರ ಏಪ್ರಿಲ್‌ನಲ್ಲಿ ಲೋಕಸಭೆ, ಅದೇ ಡಿಸೆಂಬರ್‌ನಲ್ಲಿ ಉಪಚುನಾವಣೆ, 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ, 2023ರ ಮೇನಲ್ಲಿ ಮತ್ತೆ ವಿಧಾನಸಭೆ, 2024ರ ಏಪ್ರಿಲ್‌ನಲ್ಲಿ ಮತ್ತೆ ಲೋಕಸಭೆ. (ಬೆಂಗಳೂರು ಗ್ರಾಮಾಂತರ ಎಂದೇ ಕರೆಸಿಕೊಂಡು ಬಂದ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳು ಮತ ಹಾಕುವುದು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ, ಬೆಂಗಳೂರು ಗ್ರಾಮಾಂತರ ಎಂಬ ಕ್ಷೇತ್ರ ಬೇರೆಯೇ ಇದೆ. ಇದನ್ನು ವಿವರಿಸಲು ಹೊರಟವರು ಯಾರೂ ಈವರೆಗೆ ನಗುಮುಖದಿಂದ ಹಿಂತಿರುಗಿಲ್ಲ.) ಪ್ರಜಾಪ್ರಭುತ್ವ ಮೈಮುರಿದಾಗಲೆಲ್ಲ ಕೋವಿ ಟವೆಲ್ ಸುತ್ತಿಕೊಂಡು ಸ್ಟೇಷನ್ನಿಗೆ ಹೋಗುತ್ತದೆ, ಯಜಮಾನರು ರಸೀದಿ ಹಿಡಿದು ಮನೆಗೆ ಬರುತ್ತಾರೆ. ಕೋವಿಯಿಂದಲೇ ಮನೆ ಉಳಿದಿದೆ ಎನ್ನುವುದಾದರೆ ಆ ವಾರಗಳಲ್ಲಿ ಮನೆಯವರಿಗೆ ನಿದ್ದೆ ಹತ್ತಬಾರದು. ಹತ್ತುತ್ತದೆ, ಎಂದಿನಂತೆಯೇ ಹತ್ತುತ್ತದೆ. ರಸೀದಿಯನ್ನು ಬಾಗಿಲಿಗೆ ಅಂಟಿಸಿದರೂ ಇಷ್ಟೇ ರಕ್ಷಣೆ ಸಿಗುತ್ತಿತ್ತೇನೋ.

ಇನ್ನು ಕಳ್ಳರ ಕಡೆಯಿಂದ ನೋಡೋಣ. ಈ ಸೀಮೆಯಲ್ಲಿ ರೈತನ ಹೊಟ್ಟೆ ಉರಿಸುವ ಕಳ್ಳತನ ಮನೆಯೊಳಗೆ ಕಾಲಿಡುವುದೇ ಇಲ್ಲ. ಬೋರ್‌ವೆಲ್ಲಿನ ಕೇಬಲ್ ಕೊಯ್ದುಕೊಂಡು ಹೋಗುತ್ತಾರೆ, ಸುಟ್ಟು ತಾಮ್ರ ತೆಗೆದು ಗುಜರಿಗೆ ಹಾಕುತ್ತಾರೆ. ಸ್ಟಾರ್ಟರ್ ಬಿಚ್ಚುತ್ತಾರೆ. ರೊಪ್ಪದಿಂದ ಕುರಿ ಹೊತ್ತೊಯ್ಯುತ್ತಾರೆ. ಈ ಪೈಕಿ ಯಾವುದೂ ಬೀರುವಿನ ಹತ್ತಿರ ನಡೆಯುವಂಥದ್ದಲ್ಲ. ಅಲ್ಲಿ ಎಚ್ಚರವಿರುವುದು ಮುದ್ದೆ ತಿಂದು ಬೆಳೆದ ಬೀದಿನಾಯಿ, ಅದಕ್ಕೆ ಲೈಸೆನ್ಸ್ ಇಲ್ಲ, ನವೀಕರಣ ಇಲ್ಲ, ಎಲೆಕ್ಷನ್ ಬಂದರೂ ಅದನ್ನು ಯಾರೂ ಠಾಣೆಗೆ ಕೊಡು ಅನ್ನುವುದಿಲ್ಲ. ಇನ್ನು ಮನೆಗಿಂತ ದೊಡ್ಡ ಆಸ್ತಿ ಜಮೀನು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನಿನ ಸ್ವಾಧೀನಕ್ಕೆ ಸರ್ಕಾರ ಹೊರಟಾಗ ರೈತರು 2022ರಿಂದ ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತರು. 2025ರ ಜುಲೈನಲ್ಲಿ ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಟ್ಟಿರುವುದಾಗಿ ಹೇಳಿದರು. ಆ ಜಮೀನನ್ನು ಕಾದದ್ದು ಶಾಮಿಯಾನ, ಚಾಪೆ, ಹಸಿರು ಶಾಲು ಮತ್ತು ಎದ್ದು ಹೋಗದ ಹಟ. ಅಷ್ಟು ದಿನವೂ ಹೋಬಳಿಯ ಕೋವಿಗಳು ಬೀರುಗಳಲ್ಲೇ ಇದ್ದವು, ಇದ್ದದ್ದು ಒಳ್ಳೆಯದೇ ಆಯಿತು. ಒಂದೇ ಒಂದು ಹೊರಗೆ ಬಂದಿದ್ದರೆ ಧರಣಿಯ ಕಥೆ ಅವತ್ತಿಗೇ ಮುಗಿಯುತ್ತಿತ್ತು.

ಯಜಮಾನರು ಇದಕ್ಕೆಲ್ಲ ಸುಮ್ಮನಿರುವವರಲ್ಲ. “ಹೊಡೆಯೋದಕ್ಕಲ್ಲ ಸ್ವಾಮಿ, ಇದೆ ಅಂತ ಗೊತ್ತಿದ್ರೆ ಸಾಕು, ಯಾರೂ ಹತ್ರ ಬರಲ್ಲ” ಎನ್ನುತ್ತಾರೆ. ತೋಟದ ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇರುವುದು, ಪಕ್ಕದ ಮನೆ ಕೂಗಿದರೆ ಕೇಳದಷ್ಟು ದೂರ ಇರುವುದು, ಪಟ್ಟಣದ ಅಂಚು ಬೆಳೆದಂತೆ ಗುರುತಿಲ್ಲದ ಮುಖಗಳು ಹೆಚ್ಚಿರುವುದು ಎಲ್ಲ ನಿಜ. ಆ ಭಯವನ್ನು ಗೇಲಿ ಮಾಡುವುದು ಸಲ್ಲದು. ಕಾನೂನೂ ಗೇಲಿ ಮಾಡಿಲ್ಲ: 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಹಳೆಯ ದಂಡ ಸಂಹಿತೆಯಂತೆಯೇ ಆತ್ಮರಕ್ಷಣೆಯ ಹಕ್ಕನ್ನು ಒಪ್ಪುತ್ತದೆ, ಸೂರ್ಯ ಮುಳುಗಿ ಹುಟ್ಟುವುದರೊಳಗೆ ಕನ್ನ ಹಾಕಿ ನುಗ್ಗಿದವನ ವಿಷಯದಲ್ಲಿ ಆ ಹಕ್ಕು ಪ್ರಾಣ ತೆಗೆಯುವವರೆಗೂ ಹೋಗಬಹುದೆಂದು 41ನೇ ಸೆಕ್ಷನ್ ಹೇಳುತ್ತದೆ. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಕೂಡದು, ಪೊಲೀಸರ ಮೊರೆ ಹೋಗಲು ಸಮಯವಿದ್ದರೆ ಹಕ್ಕೇ ಇಲ್ಲ ಎಂಬ ಗೆರೆಯನ್ನೂ ಅದೇ ಸಂಹಿತೆ ಎಳೆದಿದೆ. ಗೆರೆಯ ಈಚೆಗಿದ್ದೆವೋ ಆಚೆಗಿದ್ದೆವೋ ಎಂಬುದನ್ನು ಕತ್ತಲಲ್ಲಿ, ಕನ್ನಡಕವಿಲ್ಲದೆ, ಕ್ಷಣದಲ್ಲಿ ತೀರ್ಮಾನಿಸಬೇಕು; ಅದನ್ನು ನ್ಯಾಯಾಲಯ ಹಗಲು ಬೆಳಕಿನಲ್ಲಿ ಕೂತು ವರ್ಷಗಟ್ಟಲೆ ಅಳೆಯುತ್ತದೆ. ಇನ್ನು ‘ಇದೆ ಅಂತ ಗೊತ್ತಿದ್ದರೆ ಸಾಕು’ ಎನ್ನುವ ಮಾತು. ಗೊತ್ತಾದವನು ಹೆದರಿಯಾನು, ಅಥವಾ ಮನೆ ಖಾಲಿ ಇರುವ ದಿನ ನೋಡಿ ಕೋವಿಗಾಗಿಯೇ ಬಂದಾನು. ಚಿನ್ನ ಕಳೆದರೆ ದೂರು ಕೊಡುವವರು ನಾವು, ಕೋವಿ ಕಳೆದರೆ ಉತ್ತರ ಕೊಡಬೇಕಾದವರೂ ನಾವೇ. ಅದಕ್ಕೇ ಜಾತ್ರೆಗೋ ತಿರುಪತಿಗೋ ಮನೆಮಂದಿಯೆಲ್ಲ ಹೊರಟರೆ ಇವರ ಮನೆಯಲ್ಲಿ ಒಬ್ಬರು ಉಳಿಯಲೇಬೇಕು. ಬೀಗ ಹಾಕಿಕೊಂಡು ನೆಮ್ಮದಿಯಾಗಿ ಹೋಗುವ ಭಾಗ್ಯ ಪಕ್ಕದ ಮನೆಯವರಿಗೆ, ಅವರಿಗೆ ಕೋವಿಯಿಲ್ಲ.

ಕೋವಿಗಳ ಸಂತೆಯೇ ಆಗಿರುವ ಅಮೆರಿಕದ ಲೆಕ್ಕವೊಂದಿದೆ. ಸಿಯಾಟಲ್ ಸುತ್ತಲಿನ ಕಿಂಗ್ ಕೌಂಟಿಯಲ್ಲಿ 1978ರಿಂದ 1983ರವರೆಗೆ ಮನೆಯೊಳಗೆ ಗುಂಡಿನಿಂದಾದ 398 ಸಾವುಗಳನ್ನು ಆರ್ಥರ್ ಕೆಲ್ಲರ್‌ಮನ್ ಮತ್ತು ಡೊನಾಲ್ಡ್ ರೇ ಎಂಬ ವೈದ್ಯರು ಪರಿಶೀಲಿಸಿ 1986ರಲ್ಲಿ ಪ್ರಕಟಿಸಿದರು: ಮನೆಯಲ್ಲಿಟ್ಟ ಕೋವಿಯಿಂದ ಆತ್ಮರಕ್ಷಣೆಗೆಂದು ಆದ ಒಂದೊಂದು ಸಾವಿಗೆ ಆತ್ಮಹತ್ಯೆ, ಕೊಲೆ, ಆಕಸ್ಮಿಕ ಎಲ್ಲ ಸೇರಿ 43 ಸಾವು. ಗುಂಡು ಹಾರಿಸದೆ ಬರೀ ತೋರಿಸಿ ಓಡಿಸಿದ ಕಳ್ಳರನ್ನು ಅವರು ಲೆಕ್ಕಕ್ಕೆ ಹಿಡಿದಿಲ್ಲ ಎಂಬ ಆಕ್ಷೇಪ ಆಗಿನಿಂದಲೂ ಇದೆ, ಅದರಲ್ಲಿ ಹುರುಳಿದೆ. ಅಲ್ಲಿನ ಸಂಖ್ಯೆಯನ್ನು ಹಾಗೇ ತಂದು ನೆಲಮಂಗಲಕ್ಕೆ ಅಂಟಿಸುವುದೂ ತಪ್ಪು. ಆದರೆ ಆ 43ರಲ್ಲಿರುವ ಪಾತ್ರಧಾರಿಗಳು ಯಾರೆಂದು ನೋಡಿದರೆ ಅಪರಿಚಿತರು ಹೆಚ್ಚಿಲ್ಲ: ಮನಸ್ಸು ಕುಸಿದವರು, ಕುಡಿದವರು, ಜಗಳವಾಡಿದ ಮನೆಯವರು, ಪರಿಚಯದವರು. ಇಂಥವರು ನಮ್ಮಲ್ಲೂ ಇದ್ದಾರೆ. ಎಕರೆಯ ಬೆಲೆ ಕೋಟಿ ದಾಟಿದ ಊರಲ್ಲಿ ಅಣ್ಣತಮ್ಮಂದಿರ ನಡುವೆ ವಿಭಾಗಪತ್ರದ ಮಾತು ಏರುವ ಸಂಜೆ, ಹಿತ್ತಲಲ್ಲಿ ಬಂದು ನಿಲ್ಲಬಹುದಾದ ಕಳ್ಳನಿಗಿಂತ ನಡುಮನೆಯಲ್ಲಿ ಕೂತ ಬಂಧುಗಳೇ ಹೆಚ್ಚು ಚಿಂತೆಯ ಸಂಗತಿ. ಆಗ ಕೀಲಿ ಸೊಂಟದಲ್ಲಿರಿಸಿಕೊಂಡು, ಕಾಫಿ ಲೋಟ ಹಿಡಿದು ಮಧ್ಯೆ ಬರುವ ಯಜಮಾನತಿ ಆ ಮುಚ್ಚಳಿಕೆಯ ನಮೂನೆಯನ್ನು ಓದಿಲ್ಲ, ಅದನ್ನು ಪಾಲಿಸುತ್ತಿರುವವರು ಅವರೇ.

“ಚಿರತೆ ಬಂದ್ರೆ?” ಇದು ಕೊನೆಯ ಅಸ್ತ್ರ, ನೆಲಮಂಗಲದ ಕಡೆಯವರು ಕೇಳಿದಾಗ ಇದರಲ್ಲಿ ತಮಾಷೆ ಇಲ್ಲ. ಶಿವಗಂಗೆಯ ಸುತ್ತ ಚಿರತೆಗಳಿವೆ. 2024ರ ನವೆಂಬರ್‌ನಲ್ಲಿ ಕಂಬಾಳು ಗೊಲ್ಲರಹಟ್ಟಿಯ ಹೆಂಗಸೊಬ್ಬರನ್ನು ಚಿರತೆ ಕೊಂದಿತು. ಆದರೆ ಹುಲ್ಲು ತರಲು ಹೋಗುವವರು, ಬಯಲಿಗೆ ಹೋಗುವವರು, ಕುರಿ ಕಾಯುವವರು ಲೈಸೆನ್ಸ್ ಕೋವಿ ಇರುವ ಮನೆಯವರಲ್ಲ. ಕೋವಿ ಇರುವ ಮನೆಯವರು ಹುಲ್ಲು ತರಲು ಆಳು ಕಳಿಸುತ್ತಾರೆ. 1972ರ ವನ್ಯಜೀವಿ ಕಾಯ್ದೆ ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಹೊಡೆದುದನ್ನು ಅಪರಾಧವೆನ್ನುವುದಿಲ್ಲ, ಆದರೆ ಚಿರತೆ ಹಿಂದಿನಿಂದ ಎರಗುವ ಪ್ರಾಣಿ, ಬೀರುವಿನ ಕೀಲಿ ಹುಡುಕುವವರೆಗೆ ಕಾಯುವ ಪ್ರಾಣಿಯಲ್ಲ. ಅಲ್ಲಿ ಬೇಕಾದದ್ದು ಬೋನು, ಬೀದಿದೀಪ, ಮನೆಗೊಂದು ಶೌಚಾಲಯ, ಗಟ್ಟಿ ಕೊಟ್ಟಿಗೆ.

ಕೆಲವರು ಕೊಡಗನ್ನು ತೋರಿಸುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು, ಹೈಕೋರ್ಟೂ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಅವರಿಗಿದ್ದರೆ ನಮಗೇಕಿಲ್ಲ ಎಂಬುದು ಪ್ರಶ್ನೆ. ಅಲ್ಲಿ ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು, ಕೈಲ್‌ಪೊಳ್ದ್‌ನಲ್ಲಿ ಪೂಜೆ, ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ಕೋವಿಗೊಂದು ನಡವಳಿಕೆಯಿದೆ, ಅದನ್ನು ಹಿಡಿಯುವುದು ಹೇಗೆಂದು ಮನೆಯಲ್ಲೇ ಕಲಿಸುತ್ತಾರೆ. ನಮ್ಮ ಯಜಮಾನರು ಕೊನೆಯ ಸಲ ಗುರಿಯಿಟ್ಟದ್ದು ಬಲೂನಿಗೆ, ಜಾತ್ರೆಯಲ್ಲಿ. ಇವರ ಕೋವಿಗಿರುವ ಹಬ್ಬ ಆಯುಧಪೂಜೆಯೊಂದೇ. ಟ್ರ್ಯಾಕ್ಟರು, ಮಚ್ಚು, ಕುಡುಗೋಲು, ಮಿಕ್ಸಿಗಳ ಸಾಲಿನಲ್ಲಿ ಅದಕ್ಕೂ ಕುಂಕುಮ, ಒಂದು ಹೂವು. ಮದುವೆಯ ಮೆರವಣಿಗೆಯಲ್ಲಿ ಹಾರಿಸುವಂತೆಯೂ ಇಲ್ಲ, 2019ರ ತಿದ್ದುಪಡಿಯ ಪ್ರಕಾರ ಸಂಭ್ರಮದ ಗುಂಡಿಗೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಎಪ್ಪತ್ತು ತುಂಬಿದವರು ಬದುಕಿರುವಾಗಲೇ ಕೋವಿಯನ್ನು ವಾರಸುದಾರರಿಗೆ ವರ್ಗಾಯಿಸಲು ನಿಯಮದಲ್ಲಿ ದಾರಿಯಿದೆ. ತೊಂದರೆಯೇನೆಂದರೆ ವಾರಸುದಾರರಿಗೆ ಬೇಡ. ಮಗ ಮನೆಗೆ ನಾಲ್ಕು ಸಿಸಿ ಕ್ಯಾಮೆರಾ ಹಾಕಿಸಿ, ವೈಟ್‌ಫೀಲ್ಡಿನ ಆಫೀಸಿನಲ್ಲಿ ಕೂತು ಮೊಬೈಲಿನಲ್ಲಿ ಹಿತ್ತಲು ನೋಡುತ್ತಾನೆ. ಅದರಲ್ಲಿ ಬೆಕ್ಕು ಕಾಣುತ್ತದೆ. ಏನಾದರೂ ಆದರೆ 112 ಒತ್ತಿ ಎಂದು ಹೇಳಿಕೊಟ್ಟಿದ್ದಾನೆ. ಸೊಸೆ ಒಂದೇ ಮಾತಿನವಳು: ಮಗು ನಡೆಯಲು ಶುರು ಮಾಡಿದೆ, ಮಾವ, ಅದು ಇರೋ ಮನೆಗೆ ನಾನು ಬೇಸಿಗೆ ರಜಕ್ಕೆ ಬಿಡಲ್ಲ. ಯಜಮಾನರು ಇದಕ್ಕೆ ಸೆಕ್ಷನ್ ಹುಡುಕುತ್ತಿದ್ದಾರೆ.

ಯಜಮಾನತಿಯವರು ಮಾತ್ರ ಕೋವಿಯ ವಿರುದ್ಧ ಒಂದು ಮಾತೂ ಆಡಿದವರಲ್ಲ. ಅದು ಠಾಣೆಗೆ ಹೋದ ದಿನ ಬೀರುವಿನ ಆ ಜಾಗದಲ್ಲಿ ಚಳಿಗಾಲದ ರಗ್ಗುಗಳನ್ನು ಮಡಿಸಿಟ್ಟರು, ನೀಟಾಗಿ ಹಿಡಿಯಿತು. ಮತ ಎಣಿಕೆ ಮುಗಿದು ಯಜಮಾನರು ಟವೆಲ್ ಸುತ್ತಿದ ಕೋವಿಯೊಂದಿಗೆ ಬಂದಾಗ ರಗ್ಗುಗಳನ್ನು ತೆಗೆದು ಮಂಚದ ಮೇಲೆ ಹಾಕುತ್ತಾ, 2021ರಿಂದ ಮುಂದಕ್ಕೆ ಹೋಗುತ್ತಲೇ ಬಂದ ಸಂಗತಿಯೊಂದನ್ನು ಕೇಳಿದರು: “ರೀ, ಈ ಜಿಲ್ಲಾ ಪಂಚಾಯ್ತಿ ಎಲೆಕ್ಷನ್ ಯಾವಾಗಂತೆ?”