ನೊರೆಗೆ ಸೋಪು, ಹಬೆಗೆ ಅಗರಬತ್ತಿ

ಜಾಹೀರಾತಿಗಾಗಿ ಫಿಲ್ಟರ್ ಕಾಫಿಯ ಚಿತ್ರ ತೆಗೆಯುವ ದಿನ ನಮ್ಮ ಮನೆಯಲ್ಲಿ ಕುಡಿಯುವ ಕಾಫಿಗೇ ಬರ. ಲೈಟು ಹಚ್ಚಿ ಫೋಕಸ್ ಮಾಡುವಷ್ಟರಲ್ಲಿ ಅಸಲಿ ನೊರೆ ಮಾಯ. ಹಾಗಾಗಿ ಪಾತ್ರೆ ತೊಳೆಯುವ ಸೋಪಿನ ಗುಳ್ಳೆಗಳನ್ನು ಡ್ರಾಪರಿನಿಂದ ಒಂದೊಂದಾಗಿ ಕೂರಿಸುತ್ತೇನೆ, ಮದುವೆಮನೆಯಲ್ಲಿ ಬೀಗರನ್ನು ಕೂರಿಸುವ ಮರ್ಯಾದೆಯಲ್ಲಿ. ಲೋಟದ ಹಿಂದೆ ಬಚ್ಚಿಟ್ಟ ಅಗರಬತ್ತಿಯೇ ಹಬೆ. ಜ್ಯೂಸ್ ಬಾಟಲಿಯ ತಂಪು ಹನಿಗಳೋ, ಅರ್ಧ ನೀರು, ಅರ್ಧ ಗ್ಲಿಸರಿನ್. ಐಸೋ, ಅಕ್ರಿಲಿಕ್ಕು. ಜಾಹೀರಾತಿನ ಗಡಿಯಾರಗಳಲ್ಲಿ ಸಾಮಾನ್ಯವಾಗಿ 10:10. ನನ್ನ ತಿಂಡಿಯ ಹೊತ್ತೂ ಅಲ್ಲೇ ನಿಂತುಬಿಟ್ಟಿದೆ ಅನ್ನಿ! ಒಮ್ಮೆ ಹೀಗೇ ಕಾಫಿಯ ಚಿತ್ರ ತೆಗೆಯುವಾಗ ಕಿಟಕಿಗೆ ಬಟರ್ ಪೇಪರ್ ಅಂಟಿಸಿದ್ದು ನಾನು. ಬೆಳಕು ತಿರುಗಿಸಲು ಥರ್ಮಾಕೋಲ್ ಹಿಡಿದು ನಿಂತವರು ನಮ್ಮ ಅತ್ತೆ. ಅಗರಬತ್ತಿಯ ಪರಿಮಳ ಮೂಗಿಗೆ ಬಡಿದದ್ದೇ ತಡ, ಅವರು ಕಣ್ಣುಮುಚ್ಚಿ ಕೈಮುಗಿದರು. ಥರ್ಮಾಕೋಲ್ ಬಿತ್ತು, ಲೋಟ ಉರುಳಿತು. ಮೇಜು ಮಾತ್ರ ಫಳಫಳ.