ಬರಲಿರುವ ಎಂಟನೇ ಸಾಹೇಬರಿಗೆ, ಮೂರು ಓಟಿನ ಮನೆಯಿಂದ

ಮಾನ್ಯ ಜಡ್ಜ್ ಸಾಹೇಬರಿಗೆ,

ನಿಮ್ಮ ಹೆಸರು ಇನ್ನೂ ಗೊತ್ತಿಲ್ಲ. ವರ್ಗಾವಣೆ ಪಟ್ಟಿ ಬಂದ ಮೇಲೆ ನಮ್ಮ ವಕೀಲರ ಗುಮಾಸ್ತ ಹೇಳುತ್ತಾನೆ. ನಮ್ಮದು ಪಾಲಿನ ದಾವೆ. ಹದಿನೆಂಟು ವರ್ಷದಲ್ಲಿ ಏಳು ಸಾಹೇಬರನ್ನು ಕಂಡಿದೆ. ಏಳನೆಯವರು ನನ್ನ ಪಾಟಿಸವಾಲು ಅರ್ಧ ಕೇಳಿದ್ದರು, ಅಷ್ಟರಲ್ಲಿ ವರ್ಗವಾಯಿತು. ಕೇಳಿದ ಅರ್ಧ ಅವರ ಕಿವಿಯಲ್ಲೇ ಬೇರೆ ಜಿಲ್ಲೆಗೆ ಹೋಯಿತು.

ಈ ಗೋಳನ್ನು ಕೋರ್ಟಿನೆದುರು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಹೇಳಿಕೊಂಡರೆ ಪಕ್ಕದಲ್ಲಿದ್ದವರೊಬ್ಬರು ಅಲ್ಲೇ ತೀರ್ಪು ಕೊಟ್ಟರು: “ಜಡ್ಜಿಗೂ ಎಲೆಕ್ಷನ್ ಇಡಬೇಕ್ರೀ. ಗೆದ್ದರ ಐದು ವರ್ಷ ಯಾರೂ ಅಲ್ಲಾಡ್ಸಂಗಿಲ್ಲ.”

ಮಾತು ಹಿಡಿಸಿತು. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಕೆಳಕೋರ್ಟಿನ ಜಡ್ಜಿಗಳು ಓಟು ಕೇಳಿಯೇ ಕುರ್ಚಿ ಏರುತ್ತಾರಂತೆ. ಮೆಕ್ಸಿಕೊದವರೂ 2025ರ ಜೂನ್ 1ರಂದು ಜಡ್ಜಿಗಳಿಗೆ ಚುನಾವಣೆ ಇಟ್ಟರು. ನೂರಕ್ಕೆ ಹದಿಮೂರು ಮಂದಿ ಬಂದು ಓಟು ಹಾಕಿದರು. ನಮ್ಮ ಕಡೆ ಅಷ್ಟು ಕಮ್ಮಿ ಆಗಲ್ಲ ಬಿಡಿ, ಟಂಟಂ ಗಾಡಿಗಳಿವೆ.

ನಿಮ್ಮ ಪ್ರಚಾರದ ನಕ್ಷೆಯನ್ನೂ ಹಾಕಿಬಿಟ್ಟೆ. ಕೂಡ್ಲಿಗಿಯ ಗಾಂಧಿ ಚಿತಾಭಸ್ಮದ ಸ್ಮಾರಕಕ್ಕೆ ಕೈಮುಗಿದು ಶುರು. ಹಗರಿಬೊಮ್ಮನಹಳ್ಳಿಯಲ್ಲಿ ಮಾಲವಿ ಜಲಾಶಯ ತುಂಬಿಸ್ತೀನಿ ಅನ್ನಿ. ಅದು ಜಡ್ಜಿನ ಕೆಲಸವೇ ಅಂತ ಯಾರೂ ಕೇಳಲ್ಲ. ಹಡಗಲಿಯಲ್ಲಿ ಮಲ್ಲಿಗೆ ಹಾರ. ಮೈಲಾರದ ಕಾರಣಿಕಕ್ಕೆ ನಿಮ್ಮ ಪರವಾಗಿಯೂ ನಿಮ್ಮ ಎದುರಾಳಿಯ ಪರವಾಗಿಯೂ ಅರ್ಥ ಹೇಳುವವರು ಅಲ್ಲಿಯೇ ಸಿಗುತ್ತಾರೆ. ಕೊಟ್ಟೂರಿನವರು 2008ರಲ್ಲಿ ತಮ್ಮ ವಿಧಾನಸಭಾ ಕ್ಷೇತ್ರ ಕಳಕೊಂಡು ತಾಲ್ಲೂಕಿಗಾಗಿ ಕಾದವರು, ಜಡ್ಜಿನ ಕ್ಷೇತ್ರವಾದರೂ ಕೊಡಿ ಎಂದಾರು. ಹರಪನಹಳ್ಳಿಯಲ್ಲಂತೂ ಭಾಷಣವೇ ಬೇಡ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ವಾಪಸ್ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ವರ್ಗವಾದ ತಾಲ್ಲೂಕು ಅದು. ವರ್ಗಾವಣೆಯ ಸಂಕಟ ಬಲ್ಲವರು. ಅನುಕಂಪದ ಓಟು ಖಾತ್ರಿ.

ರಾತ್ರಿ ಮನೆಗೆ ಬಂದು ಓಟು ಎಣಿಸಿದೆ. ಪ್ರತಿವಾದಿಗಳು ನಮ್ಮ ದೊಡ್ಡಪ್ಪನ ಮಕ್ಕಳು. ಐದು ಮಂದಿ ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಎಲ್ಲ ಸೇರಿ 34 ಓಟು. ನಮ್ಮ ಕಡೆ ನಾನು, ನಮ್ಮ ಮನೆಯಾಕೆ, ಅವ್ವ. ಅವ್ವನಿಗೆ ಕಣ್ಣು ಮಂಜು, ಪಕ್ಕದ ಚಿಹ್ನೆ ಒತ್ತಿ ಬರುತ್ತಾಳೆ. ಸಾಹೇಬರೇ, ನನ್ನ ಪಹಣಿ ಎಷ್ಟೇ ನೆಟ್ಟಗಿರಲಿ, ಮುಂದಿನ ಸಲವೂ ಗೆಲ್ಲಬೇಕಾದ ಜಡ್ಜಿ 34 ಬಿಟ್ಟು ಮೂರರ ಕಡೆ ನೋಡುತ್ತಾರೆಯೇ?

ಇದು ಬರೀ ನನ್ನ ಹೊಟ್ಟೆಯ ಭಯವಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಕಲ್ಲಿದ್ದಲು ಗಣಿ ಕಂಪನಿಯೊಂದರ ಮೇಲೆ 5 ಕೋಟಿ ಡಾಲರ್ ಪರಿಹಾರದ ತೀರ್ಪಾಗಿತ್ತು. ಮೇಲ್ಮನವಿ ಹೋಗುವ ಮೊದಲು, 2004ರ ಚುನಾವಣೆಯಲ್ಲಿ, ಆ ಕಂಪನಿಯ ಮುಖ್ಯಸ್ಥ 30 ಲಕ್ಷ ಡಾಲರ್ ಸುರಿದು ರಾಜ್ಯದ ಮೇಲಿನ ಕೋರ್ಟಿಗೆ ತನಗೆ ಬೇಕಾದವರೊಬ್ಬರನ್ನು ಗೆಲ್ಲಿಸಿದ. ಗೆದ್ದವರು ಆ ಕೇಸಿನ ಪೀಠದಲ್ಲೇ ಕುಳಿತರು. ಕಂಪನಿ 3-2ರಲ್ಲಿ ಗೆದ್ದಿತು. ಅವರು ದೂರ ಸರಿಯಬೇಕಿತ್ತು ಎಂದು ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ್ದು 2009ರಲ್ಲಿ, ಅದೂ 5-4ರಲ್ಲಿ. ಗಣಿ ದುಡ್ಡು ಚುನಾವಣೆಗಿಳಿದರೆ ಏನಾಗುತ್ತದೆಂದು ಬಳ್ಳಾರಿ ಸೀಮೆಯವರಿಗೆ ವಿವರಿಸಬೇಕೇ?

ಓಟಿಲ್ಲದ ಕೋರ್ಟುಗಳೆಲ್ಲ ಗಂಗಾಜಲ ಅಂತಲ್ಲ. ನಮ್ಮ ಗಣಿ ಧಣಿಯೊಬ್ಬರ ಜಾಮೀನಿಗೆ ಲಂಚ ಪಡೆದ ಆರೋಪದ ಮೇಲೆ 2012ರಲ್ಲಿ ಹೈದರಾಬಾದಿನ ಸಿಬಿಐ ಕೋರ್ಟಿನ ಜಡ್ಜೊಬ್ಬರು ಅಮಾನತಾದರು. ಆದರೆ ಅವರ ಮೇಲಿನ ಆರೋಪವನ್ನು ಲಂಚ ಎಂದಾದರೂ ಕರೆಯಲು ಬಂತು. ಚುನಾವಣೆ ಇದ್ದಿದ್ದರೆ ಅದೇ ದುಡ್ಡಿಗೆ ದೇಣಿಗೆ ರಸೀದಿ ಸಿಗುತ್ತಿತ್ತು.

ನಿಮಗೇ ಚುನಾವಣೆಯ ಆಸೆ ಇದ್ದರೆ ಕೆ.ಎಸ್. ಹೆಗ್ಡೆಯವರ ದಾರಿ ಇದೆ. ರಾಜ್ಯಸಭೆ ಬಿಟ್ಟು 1957ರಲ್ಲಿ ಹೈಕೋರ್ಟ್ ಜಡ್ಜಾದರು; ತಮ್ಮನ್ನು ದಾಟಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ, 1973ರಲ್ಲಿ, ಸುಪ್ರೀಂ ಕೋರ್ಟಿಗೆ ರಾಜೀನಾಮೆ ಬಿಸಾಕಿದರು; 1977ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಗೆದ್ದು ಲೋಕಸಭೆಯ ಸ್ಪೀಕರ್ ಆದರು. ಕುರ್ಚಿ ಬಿಟ್ಟು ಓಟು ಕೇಳಿದರು, ಕುರ್ಚಿಯಲ್ಲಿ ಕೂತಲ್ಲ. ಎಲ್ಲರಿಗೂ ಆ ಯೋಗವಿಲ್ಲ. ಕೂಡ್ಲಿಗಿಯಲ್ಲಿ ಡಿವೈಎಸ್ಪಿ ಆಗಿದ್ದ ಅನುಪಮಾ ಶೆಣೈ 2016ರಲ್ಲಿ ನೌಕರಿ ಬಿಟ್ಟು 2018ರಲ್ಲಿ ಕಾಪುವಿನಲ್ಲಿ ನಿಂತರು, ಸೋತರು.

ಹಾಗಾಗಿ ನೀವು ಬಂದ ದಾರಿಯಲ್ಲೇ ಬನ್ನಿ. ಪ್ರಿಲಿಮ್ಸು, ಮೇನ್ಸು, ಸಂದರ್ಶನ. 2025ರ ಮೇ ತಿಂಗಳ ಸುಪ್ರೀಂ ಕೋರ್ಟ್ ಆದೇಶದಿಂದ ಹೊಸಬರಿಗೆ ಮೂರು ವರ್ಷದ ವಕೀಲಿಕೆಯೂ ಬೇಕು. ಸಂವಿಧಾನದ 235ನೇ ವಿಧಿ ನಿಮ್ಮ ವರ್ಗ, ಬಡ್ತಿಯನ್ನು ಹೈಕೋರ್ಟಿನ ಕೈಗೆ ಕೊಟ್ಟಿದೆ. ನಮ್ಮ ದೊಡ್ಡಪ್ಪನ ಮಕ್ಕಳ ಕೈಗೆ ಕೊಟ್ಟಿಲ್ಲ. ಈ ಊರಲ್ಲಿ ನಿಮಗೆ ಯಾರ ಗುರುತೂ ಇಲ್ಲದಿರುವುದೇ ನನ್ನ ಪಾಲಿನ ಆಸ್ತಿ.

ನಮ್ಮ ಕಡತ ದಪ್ಪಗಿದೆ, ಅಂಚು ಇಲಿ ಕಡಿದಿದೆ, ದಾರ ಎರಡು ಸಲ ಬದಲಾಗಿದೆ. ಹೆಸರು ಕೂಗಿದಾಗ ಹಿಂದಿನ ಬೆಂಚಿನಿಂದ ಕೈ ಎತ್ತುವವನು ನಾನು. ಪಾಟಿಸವಾಲಿನ ಉಳಿದರ್ಧ ಮುಗಿದು ತೀರ್ಪು ಬರುವ ತನಕ ನಿಮಗೆ ಬಡ್ತಿ ಬಾರದಿರಲೆಂದು ಕೊಟ್ಟೂರೇಶ್ವರನಿಗೆ ಹರಕೆ ಹೊತ್ತಿದ್ದೇನೆ. ಬೇಜಾರು ಮಾಡ್ಕೋಬೇಡಿ.

ಇತಿ ತಮ್ಮ ವಿಧೇಯ,
ವಾದಿ ನಂ. 1(ಎ)
(ದಿವಂಗತ ವಾದಿ ನಂ. 1ರ ಮಗ)